ಕ್ಯಾಂಟನ್‌ನ ಫುಟ್‌ಬಾಲ್ ಗೌರವಭವನದಲ್ಲಿ ಡಿಕ್ ಲೆಬೋ

ಓಹಾಯೋ ರಾಜ್ಯದ ಕ್ಯಾಂಟನ್ ದೊಡ್ಡ ಊರೇನಲ್ಲ. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಆದ ಇಂದಿನ ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ ಈ ಊರಿನ ಒಂದು ಕಾರು ಮಳಿಗೆಯಲ್ಲಿ ಸೇರಿದ ಸಭೆಯಿಂದ. ಹಾಗಾಗಿಯೇ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಎಂಬ ಸಂಗ್ರಹಾಲಯವೂ 1963ರಲ್ಲಿ ಇಲ್ಲಿಯೇ ತೆರೆಯಿತು. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಬಂದವರು ಇನ್ನೆರಡು ಗಂಟೆ ಕಾರು ಓಡಿಸಿದರೆ ಇದನ್ನೂ ನೋಡಿಕೊಂಡು ಬರಬಹುದು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಡಿಫೆನ್ಸ್ (ಎದುರಾಳಿಗಳನ್ನು ತಡೆಯುವ ಪಡೆ) ನೋಡುತ್ತಲೇ ಈ ಆಟವನ್ನು ಕಲಿತ ನಾನು ಹೋಗಿದ್ದು ಮುಖ್ಯವಾಗಿ ಆ ಡಿಫೆನ್ಸಿನ ಕೋಚ್ ಆಗಿದ್ದ ಡಿಕ್ ಲೆಬೋ ಅವರಿಗಾಗಿ.

ಇಲ್ಲಿ ಅತ್ಯಂತ ಬೆಲೆಬಾಳುವ ಭಾಗವೆಂದರೆ ಕಂಚಿನ ತಲೆಪ್ರತಿಮೆಗಳ ಸಭಾಂಗಣ. ಪ್ರತಿಮೆಗಳನ್ನು ಆಯ್ಕೆಯಾದ ವರ್ಷದ ಪ್ರಕಾರ ಜೋಡಿಸಿರುವುದರಿಂದ, ಹುಡುಕುವವರ ವರ್ಷವನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು. ಲೆಬೋ ಅವರದು 2010. ಖ್ಯಾತ ಆಟಗಾರರಾದ ಜೆರ್ರಿ ರೈಸ್, ಎಮ್ಮಿಟ್ ಸ್ಮಿತ್ ಆಯ್ಕೆಯಾದ ವರ್ಷವೂ ಅದೇ. ಆದರೆ ಲೆಬೋ ಒಳಗೆ ಬಂದದ್ದು ಕೋಚ್ ಆಗಿ ಅಲ್ಲ, ಆಟಗಾರರಾಗಿ. ಡೆಟ್ರಾಯಿಟ್ ಲಯನ್ಸ್ ಪರ 14 ವರ್ಷ ಆಡಿ ಎದುರಾಳಿಗಳ 62 ಪಾಸುಗಳನ್ನು ಕಸಿದದ್ದು ಸಣ್ಣ ಸಾಧನೆಯಲ್ಲ. ಆದರೂ 1973ರಿಂದ 2017ರವರೆಗಿನ 45 ವರ್ಷಗಳ ತರಬೇತಿಯನ್ನು ಬದಿಗಿಟ್ಟು ಅವರನ್ನು ಅಳೆಯುವುದು, ವಿದ್ವಾಂಸರೊಬ್ಬರನ್ನು ಅವರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಾಗಿ ಸನ್ಮಾನಿಸಿದ ಹಾಗೆ. ಮುಖ್ಯ ಕೋಚ್‌ಗಳಿಗೆ ಸಲೀಸಾಗಿ ತೆರೆಯುವ ಈ ಬಾಗಿಲು ಡಿಫೆನ್ಸ್ ಕೋಚ್‌ಗಳ ಪಾಲಿಗೆ ಬಹಳ ಬಿಗಿ. 1985ರ ಶಿಕಾಗೋ ಬೇರ್ಸ್ ಡಿಫೆನ್ಸನ್ನು ಕಟ್ಟಿದ ಬಡ್ಡಿ ರಯಾನ್ ಅವರ ಪ್ರತಿಮೆ ಇಲ್ಲಿಲ್ಲ. ಇದು ಈ ಭವನದ ಬಗ್ಗೆ ನನಗಿರುವ ದೊಡ್ಡ ತಕರಾರು.

ಲೆಬೋ ಅವರ ಕೊಡುಗೆಯನ್ನು ಮೊದಲೇ ಅರಿತು ಹೋದರೆ ಟಿಕೆಟ್ಟಿನ ಹಣ ಸಾರ್ಥಕ. 1980ರ ದಶಕದಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡದಲ್ಲಿದ್ದಾಗ ಅವರು ಬೆಳೆಸಿದ ತಂತ್ರದ ಹೆಸರು ಝೋನ್ ಬ್ಲಿಟ್ಜ್. ಅದುವರೆಗೆ, ಚೆಂಡೆಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಹೆಚ್ಚು ಜನರನ್ನು ನುಗ್ಗಿಸಿದರೆ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಎದುರಾಳಿಗಳನ್ನು ಕಾಯಬೇಕಿತ್ತು, ಒಬ್ಬ ಜಾರಿದರೂ ಅಂಕ ಹೋಗುತ್ತಿತ್ತು. ಲೆಬೋ ಒಂದು ಬದಿಯಿಂದ ಎರಡನೇ ಸಾಲಿನ ಲೈನ್‌ಬ್ಯಾಕರನ್ನು ನುಗ್ಗಿಸಿ, ಇನ್ನೊಂದು ಬದಿಯಲ್ಲಿ ನುಗ್ಗಬೇಕಾಗಿದ್ದ ಮುಂಚೂಣಿಯ ದಢೂತಿ ಲೈನ್‌ಮನ್‌ನನ್ನು ಹಿಂದಕ್ಕೆ ಸರಿಸಿ ಜಾಗ ಕಾಯಲು ನಿಲ್ಲಿಸಿದರು. ನುಗ್ಗುವವರ ಸಂಖ್ಯೆ ಹೆಚ್ಚಲಿಲ್ಲ, ಯಾರು ನುಗ್ಗುತ್ತಾರೆಂಬ ಗುಟ್ಟು ಮಾತ್ರ ಹೆಚ್ಚಿತು. ಗಾಬರಿಗೊಂಡ ಕ್ವಾರ್ಟರ್‌ಬ್ಯಾಕ್ ಖಾಲಿಯೆಂದು ನಂಬಿ ಚೆಂಡೆಸೆದ ಜಾಗದಲ್ಲಿ, ಅವನು ಲೆಕ್ಕಕ್ಕೇ ಇಟ್ಟುಕೊಳ್ಳದ ಒಬ್ಬ ಕಾದು ನಿಂತಿರುತ್ತಿದ್ದ.

2009ರ ಫೆಬ್ರವರಿ 1ರಂದು ಟ್ಯಾಂಪಾದಲ್ಲಿ ನಡೆದ, ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲಿನಲ್ಲಿ ಈ ಪಾಠದ ಫಲ ಕಂಡಿತು. ಮೊದಲರ್ಧ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಎದುರಾಳಿ ಅರಿಜೋನಾ ಕಾರ್ಡಿನಲ್ಸ್ ಸ್ಟೀಲರ್ಸ್ ಗೋಲ್‌ಗೆರೆಯ ಬಾಯಿಗೇ ಬಂದು ನಿಂತಿತ್ತು. ನುಗ್ಗಬೇಕಾಗಿದ್ದ ಸ್ಟೀಲರ್ಸ್ ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್ ತಮ್ಮದೇ ಅಂದಾಜಿನಿಂದ ಹಿಂದೆ ಸರಿದು, ಕಾರ್ಡಿನಲ್ಸ್ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಎಸೆದ ಚೆಂಡನ್ನು ಹಿಡಿದು ನೂರು ಗಜ ಓಡಿ, ಎದುರಾಳಿಯ ಗೋಲ್‌ಗೆರೆ ದಾಟಿ ಟಚ್‌ಡೌನ್ ಗಳಿಸಿದರು. ಗುರುವಿನ ಅಂದಿನ ಆಜ್ಞೆಯನ್ನು ಮೀರಿಯೇ ಶಿಷ್ಯ ಗುರುವಿನ ವಿದ್ಯೆಯನ್ನು ತೋರಿಸಿದ ಗಳಿಗೆಯದು ಎಂದು ನಾನು ತಿಳಿದಿದ್ದೇನೆ. ಸ್ಟೀಲರ್ಸ್ 27–23ರಿಂದ ಗೆದ್ದಿತು.

ಬೆಂಗಾಲ್ಸ್‌ನ ಮುಖ್ಯ ಕೋಚ್ ಆಗಿ ಅವರು ಗೆದ್ದದ್ದು 12 ಪಂದ್ಯ, ಸೋತದ್ದು 33. ಆ ಅಧ್ಯಾಯವನ್ನು ಬೆಳೆಸಬೇಕಿಲ್ಲ. ಅವರ ಆಟಗಾರರಿಗಂತೂ ಅದು ಗಣನೆಗೇ ಬರಲಿಲ್ಲ: ಲೆಬೋ ಇನ್ನೂ ಗೌರವಭವನದ ಹೊರಗಿದ್ದಾಗಲೇ, 2007ರಲ್ಲಿ, ಅವರು ಲಯನ್ಸ್ ಪರ ತೊಡುತ್ತಿದ್ದ 44ನೇ ಸಂಖ್ಯೆಯ ಜೆರ್ಸಿಯನ್ನು ಸ್ಟೀಲರ್ಸ್ ಹುಡುಗರು ತೊಟ್ಟು ಬಂದಿದ್ದರು.

ಭೇಟಿಗೆ ಕನಿಷ್ಠ ನಾಲ್ಕು ಗಂಟೆ ಬೇಕು. ಹೊಸಬರ ಸೇರ್ಪಡೆ ಸಮಾರಂಭ ನಡೆಯುವ ಆಗಸ್ಟ್ ಆರಂಭದ ದಿನಗಳಲ್ಲಿ ಜನಜಂಗುಳಿ ವಿಪರೀತವಾಗುವುದರಿಂದ ಆಗ ಹೋಗದಿರುವುದೇ ಲೇಸು. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೊರಡಲಿ. ದಾರಿಯ ಒಂದು ಹೋಟೆಲಿನಲ್ಲಿ ನನಗೆ ಸಿಕ್ಕಿದ್ದು ಕರಿದ ಆಲೂಗಡ್ಡೆ ಮಾತ್ರ.

ಜೆರ್ರಿ ರೈಸ್ ಅವರ ಪ್ರತಿಮೆಯೆದುರು ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತ್ತು. ಲೆಬೋ ಅವರ ಮುಂದೆ ನಾನು ಹತ್ತು ನಿಮಿಷ ನಿಂತಿದ್ದರೂ ಸ್ವಲ್ಪ ಸರಿಯಿರಿ ಎಂದು ಯಾರೂ ಕೇಳಲಿಲ್ಲ.