ಸಮುದ್ರಕ್ಕೆ ಬೆನ್ನು ಹಾಕಿದ ಸೋಫಾ

ಇಂಗ್ಲೆಂಡಿನ ಸಸೆಕ್ಸ್ ಕಡಲತೀರದ ಸೀಫರ್ಡ್‌ನಲ್ಲಿ ಹಳೇ ಕೋಸ್ಟ್‌ಗಾರ್ಡ್ ಮನೆಯೊಂದನ್ನು ಬಾಡಿಗೆಗೆ ಹಿಡಿದು ಮೂರು ರಾತ್ರಿ ಇದ್ದೆವು. ಮನೆಗೆ ಐದಕ್ಕೆ ಐದು ಅಂಕ. ಬಾಡಿಗೆಗೆ ಕೊಟ್ಟವರಿಗೆ ಎರಡೂವರೆ, ಅದೂ ಜಾಸ್ತಿಯೇ ಆಯಿತು.

ಬಾಗಿಲು ತೆರೆದರೆ ಎದುರಿಗೇ ಗೋಡೆಯಷ್ಟು ದೊಡ್ಡ ಟೀವಿ, ಅದಕ್ಕೆ ಮುಖ ಮಾಡಿದ ಸೋಫಾ. ಸೋಫಾದ ಹಿಂದೆ ಕಿಟಕಿ, ಕಿಟಕಿಯಾಚೆ ಇಡೀ ಇಂಗ್ಲಿಷ್ ಚಾನೆಲ್ ಸಮುದ್ರ! ಈ ಮನೆ ಕಟ್ಟಿದ್ದೇ ಸಮುದ್ರ ಕಾಯುವವರಿಗೆ ಮಾರಾಯ್ರೇ.

ಆಗ ಚಹಾ, ಬ್ರಾಂದಿ, ತಂಬಾಕಿನ ಮೇಲೆ ವಿಪರೀತ ಸುಂಕ ಇತ್ತು, ಹಾಗಾಗಿ ರಾತ್ರಿ ಹೊತ್ತು ದೋಣಿಗಳಲ್ಲಿ ಕಳ್ಳಮಾಲು ಇಳಿಯುತ್ತಿತ್ತು, ಅದನ್ನು ತಡೆಯೋಕೆ 1822ರಲ್ಲಿ ಬೇರೆ ಬೇರೆ ಕಾವಲು ಪಡೆಗಳನ್ನು ಸೇರಿಸಿ ಕೋಸ್ಟ್‌ಗಾರ್ಡ್ ಮಾಡಿದರು. ಅದೇ ಊರಿನವರನ್ನು ಕಾವಲಿಗೆ ಹಾಕಿದರೆ ಕಳ್ಳರ ಜೊತೆ ಕೈಜೋಡಿಸುತ್ತಾರೆ, ಅಲ್ವಾ? ಅದಕ್ಕೇ ದೂರದವರನ್ನು ತಂದು ಹಾಕುತ್ತಿದ್ದರು. ಅಂಥವರನ್ನು ಕಂಡರೆ ಊರಿನವರಿಗೆ ಆಗುತ್ತಿರಲಿಲ್ಲ, ಬಾಡಿಗೆ ಮನೆ ಸಿಗುವುದೂ ಕಷ್ಟ. ಕೊನೆಗೆ ಸರ್ಕಾರವೇ ಮನೆ ಕಟ್ಟಿಕೊಟ್ಟಿತು.

ನಮ್ಮ ವಠಾರದ ಹಾಗೆ ಒಂದೇ ಸಾಲು, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಸಾಲಿನ ತುದಿಯ ದೊಡ್ಡ ಮನೆ ಅಧಿಕಾರಿಯದು. ನಾವಿದ್ದದ್ದು ಸಾಮಾನ್ಯ ಕಾವಲುಗಾರನ ಮನೆ: ಕೆಳಗೆ ಎರಡು ಕೋಣೆ, ಮೇಲೆ ಎರಡು, ಸೂಟ್‌ಕೇಸ್ ಅಡ್ಡ ಹಿಡಿದೇ ಹತ್ತಬೇಕಾದ ಇಕ್ಕಟ್ಟಿನ ಮೆಟ್ಟಿಲು. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಕಟ್ಟೆ ಮೇಲೆ ಆರಾಮವಾಗಿ ಕೂರಬಹುದು, ಹೊರಗೆ ಗಾಳಿ ಎಷ್ಟು ಅರಚಿದರೂ ಒಳಗೆ ಬರೀ ಗುಂಯ್ ಅನ್ನುವ ಸದ್ದು.

ಹಾಳು ಮಾಡಿದ್ದು ರಿಪೇರಿ. ಇಲ್ಲಿನ ಹಳೇ ಗೋಡೆಗಳು ಫ್ಲಿಂಟ್ ಕಲ್ಲಿನವು, ಮಧ್ಯೆ ಸುಣ್ಣದ ಗಾರೆ. ಸುಣ್ಣ ತೇವ ಹೀರಿ ಮತ್ತೆ ಹೊರಗೆ ಬಿಡುತ್ತದೆ, ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿಯುತ್ತದೆ. ಬಾಡಿಗೆಗೆ ಕೊಟ್ಟವರು ಹಿಂದಿನ ಗೋಡೆಗೆ ಪೂರ್ತಿ ಸಿಮೆಂಟ್ ಬಳಿದಿದ್ದಾರೆ. ಮಂಚದ ಪಕ್ಕದ ಮೂಲೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು, ಕಪಾಟಿನಲ್ಲಿಟ್ಟ ಅಂಗಿಗೆಲ್ಲ ಮುಗ್ಗಲು ವಾಸನೆ. ಫೋನ್ ಮಾಡಿದರೆ "ಹಳೇ ಮನೆ ಅಂದಮೇಲೆ ಹಾಗೇ" ಅಂದರು. ಪಕ್ಕದ ಮನೆಯೂ ಅಷ್ಟೇ ಹಳೇದು, ಅದಕ್ಕಿನ್ನೂ ಮರದ ಕಿಟಕಿ ಇದೆ. ನಮ್ಮದಕ್ಕೆ ಬಿಳೀ ಪ್ಲಾಸ್ಟಿಕ್.

ಎರಡನೇ ದಿನ ಸೀಫರ್ಡ್ ಹೆಡ್ ಗುಡ್ಡ ಹತ್ತಿ ಕಕ್‌ಮಿಯರ್ ಹೇವನ್ ಕಡೆ ನಡೆದೆವು. ಅಲ್ಲೂ ಕೋಸ್ಟ್‌ಗಾರ್ಡ್ ಮನೆಗಳಿವೆ, ಹಿಂದೆ ಸೆವೆನ್ ಸಿಸ್ಟರ್ಸ್‌ನ ಬಿಳೀ ಸುಣ್ಣದ ಬಂಡೆಗಳು. ಎಲ್ಲರೂ ಫೋಟೋ ಹೊಡೆಯುವ ಜಾಗ. ಅಲೆ ಮಾತ್ರ ಬುಡದ ನೆಲವನ್ನು ಕೊರೆಯುತ್ತಲೇ ಇದೆ.

ವಾಪಸ್ ಬಂದವರೇ ಇಬ್ಬರೂ ಸೇರಿ ಸೋಫಾ ತಿರುಗಿಸಿದೆವು. ಕತ್ತಲಾಗುವ ತನಕ ಹಡಗಿನ ದೀಪ ಎಣಿಸುತ್ತಾ ಕೂತೆವು. ಹೊರಡುವಾಗ ಸಾಮಾನೆಲ್ಲ ಮೊದಲಿದ್ದ ಹಾಗೇ ಇಡಬೇಕು ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದರು. ಸೋಫಾ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇಟ್ಟೆವು.