ರಿಂಗ್ ರೋಡ್ ಆಚೆ ಬಾಡಿಗೆ ಮನೆ ಹಿಡಿಯುವ ಮುನ್ನ

ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಬರುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ರಿಂಗ್ ರೋಡ್ ಆಚೆಗಿನ ಹೊಸ ಬಡಾವಣೆಗಳಲ್ಲಿ ಬಾಡಿಗೆ ಕಡಿಮೆ, ಮನೆ ಹೊಸದು, ಗಾಳಿ ಬೆಳಕು ಚೆನ್ನಾಗಿದೆ ಅಂತ ನೋಡಿದ ದಿನವೇ ಅಡ್ವಾನ್ಸ್ ಕೊಟ್ಟುಬಿಡಬೇಡಿ. ಮೊದಲು ಒಂದು ಮಾತು ಕೇಳಿ: ಈ ಲೇಔಟ್ ಹ್ಯಾಂಡೋವರ್ ಆಗಿದೆಯಾ, ಆಗಿದ್ದರೆ ಯಾರಿಗೆ? ಮಾಲೀಕರಾಗಲಿ ಬ್ರೋಕರ್ ಆಗಲಿ ಇದಕ್ಕೆ ನೆಟ್ಟಗೆ ಉತ್ತರ ಕೊಡದಿದ್ದರೆ ಗೇಟಿನಿಂದಲೇ ವಾಪಸ್ ಬನ್ನಿ.

ನಾವು ಬೆಂಗಳೂರಿನಿಂದ ಬಂದವರು. ಯಜಮಾನರಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ಮಗಳು ಏಳನೇ ಕ್ಲಾಸು, ಮಗ ಎರಡನೇ ಕ್ಲಾಸು. ಮೈಸೂರು ಅಂದರೆ ನಮ್ಮ ತಲೆಯಲ್ಲಿದ್ದದ್ದು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು, ಅಗಲವಾದ ರಸ್ತೆ, ಸಾಲು ಮರ. ಸರಸ್ವತಿಪುರಂ, ಕುವೆಂಪುನಗರದಲ್ಲಿ ಕೇಳಿದ ಬಾಡಿಗೆಗೆ ಎದೆ ಧಸಕ್ಕೆಂದಿತು. ರಿಂಗ್ ರೋಡ್ ದಾಟಿದರೆ ಅಂಥದ್ದೇ ಎರಡು ಬೆಡ್‌ರೂಮಿನ ಮನೆ ಐದಾರು ಸಾವಿರ ಅಗ್ಗ. ಬ್ರೋಕರ್ ತೋರಿಸಿದ್ದು ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಅವರು ಮನೆ ತೋರಿಸುವುದೇ ಆ ಹೊತ್ತಿನಲ್ಲಿ. ಒಳ್ಳೇ ಬಿಸಿಲಿರುತ್ತದೆ, ಮಳೆನೀರು ಒಣಗಿರುತ್ತದೆ, ಮೇಲಿನ ಟ್ಯಾಂಕ್ ತುಂಬಿಸಿಟ್ಟಿರುತ್ತಾರೆ.

"ನೀರು ಹೆಂಗೆ?" ಅಂದೆ.

"ಬೋರ್ ನೀರು ಮೇಡಂ, ಇಪ್ಪತ್ನಾಲ್ಕು ಗಂಟೆ. ಕಾವೇರಿ ಇನ್ನಾರು ತಿಂಗಳಲ್ಲಿ ಬಂದ್ಬಿಡುತ್ತೆ. ಸುತ್ತಲಿನ ಊರೆಲ್ಲ ಪಾಲಿಕೆಗೆ ಸೇರಿ ಬೃಹತ್ ಮೈಸೂರು ಆಗ್ತಾ ಇದೆಯಲ್ಲ?"

ಆ ಮನೆಯನ್ನೇ ಹಿಡಿದೆವು. ಹೋದ ಮೇಲೆ ಪಕ್ಕದ ಮನೆಯಾಕೆ ನಕ್ಕರು. "ಅಕ್ಕ, ಆ ಆರು ತಿಂಗಳನ್ನ ನಮಗೂ ಹೇಳಿದ್ರು. ಆಗ ನನ್ನ ಮಗ ಅಂಗನವಾಡೀಲಿದ್ದ, ಈಗ ಐದನೇ ಕ್ಲಾಸು."

ಈ ಹ್ಯಾಂಡೋವರ್ ವಿಚಾರ ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಖಾಸಗಿಯವರು ಜಮೀನನ್ನು ಬಡಾವಣೆ ಮಾಡುವಾಗ ನಕ್ಷೆಗೆ ಒಪ್ಪಿಗೆ ಕೊಡುವುದು ಅಭಿವೃದ್ಧಿ ಪ್ರಾಧಿಕಾರ. ನಾವೆಲ್ಲ ಮುಡಾ ಅನ್ನುತ್ತಿದ್ದದ್ದು. ರಸ್ತೆ, ಚರಂಡಿ, ಯುಜಿಡಿ (ಒಳಚರಂಡಿ), ಬೀದಿದೀಪ, ನೀರಿನ ಟ್ಯಾಂಕ್, ಪಾರ್ಕ್ ಎಲ್ಲವನ್ನೂ ಲೇಔಟ್ ಮಾಡಿದವರೇ ಮುಗಿಸಬೇಕು. ಆಮೇಲೆ ಅದು ಆ ಜಾಗ ಸೇರಿದ ಪಾಲಿಕೆಗೋ, ನಗರಸಭೆಗೋ, ಪಂಚಾಯಿತಿಗೋ ಹಸ್ತಾಂತರವಾಗಬೇಕು. ಅಷ್ಟಾಗುವವರೆಗೆ ಕಸದ ಗಾಡಿ ಕಳಿಸಲು, ದೀಪದ ಕರೆಂಟ್ ಬಿಲ್ ಕಟ್ಟಲು, ಪೈಪ್ ಒಡೆದರೆ ಮುಚ್ಚಲು ಯಾರೂ ಮುಂದೆ ಬರುವುದಿಲ್ಲ. ಸೈಟೆಲ್ಲ ಮಾರಿದ ಮೇಲೆ ಲೇಔಟಿನವರಿಗೆ ಅಲ್ಲೇನು ಕೆಲಸ? ನಾವು ದೂರು ಹಿಡಿದುಕೊಂಡು ಹೋದಾಗ ಸ್ಥಳೀಯ ಕಚೇರಿಯವರು ಇನ್ನೂ ನಮಗೆ ಬಂದಿಲ್ಲ ಅಂದರು, ಪ್ರಾಧಿಕಾರದಲ್ಲಿ ಲೇಔಟಿನವರನ್ನು ಕೇಳಿ ಅಂದರು, ಲೇಔಟಿನವರು ಫೋನ್ ಎತ್ತಲಿಲ್ಲ. ಮನೆ ಮಾಲೀಕರಂತೂ "ಅದು ಎಲ್ಲರಿಗೂ ಇರೋದೇ ಅಲ್ವಾಮ್ಮ" ಅಂತ ಒಂದೇ ಮಾತಿನಲ್ಲಿ ಮುಗಿಸಿದರು.

ನೀರಿನಿಂದ ಶುರುವಾಯಿತು. ಬೋರ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ, ಗೀಜರ್ ಕಾಯಿಲ್ ಕೆಟ್ಟಿತು, ಬೇಳೆ ಬೇಯದು. ಕುಡಿಯುವುದಕ್ಕೆ ಕ್ಯಾನ್ ತರಿಸುತ್ತಿದ್ದೆವು. ಶಿವರಾತ್ರಿ ಕಳೆಯುತ್ತಿದ್ದಂತೆ ಮೋಟಾರ್ ಗಾಳಿ ಎಳೆಯತೊಡಗಿತು. ಆಮೇಲೆ ಟ್ಯಾಂಕರ್. ಅದೂ ಅವರಿಗೆ ಬಿಡುವಾದಾಗ, ಅಂದರೆ ರಾತ್ರಿ ಹತ್ತರ ಮೇಲೆ. ಸಂಪ್ ಚಿಕ್ಕದು, ಮೂರು ಮನೆಗೆ ಒಂದೇ. ಹಾಗಾಗಿ ಬಾತ್‌ರೂಮಿನಲ್ಲಿ, ಹಿತ್ತಲಲ್ಲಿ ನೀಲಿ ಡ್ರಮ್‌ಗಳ ಸಾಲು.

ಮಳೆಗಾಲದಲ್ಲಿ ಮಗನಿಗೆ ಡೆಂಗಿ ಬಂತು. ನಾನು ಎದುರಿನ ಖಾಲಿ ಸೈಟಿನಲ್ಲಿ ನಿಂತ ಗಲೀಜು ನೀರನ್ನು ಬೈಯುತ್ತಿದ್ದೆ. ಡಾಕ್ಟರ್ ಕೇಳಿದ್ದು ಬೇರೆ: ಮನೆಯಲ್ಲಿ ನೀರು ಹಿಡಿದಿಡುತ್ತೀರಾ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ಹೀಗೆ ಹಿಡಿದಿಟ್ಟ ತಿಳಿನೀರಿನಲ್ಲಿ, ಕಚ್ಚುವುದೂ ಹಗಲು ಹೊತ್ತಿನಲ್ಲಿ. ಮನೆಗೆ ಬಂದು ಹಿತ್ತಲಿನ ಡ್ರಮ್ಮಿಗೆ ಟಾರ್ಚ್ ಬಿಟ್ಟು ನೋಡಿದೆ. ಮುಚ್ಚಳ ಓರೆಯಾಗಿತ್ತು, ಒಳಗೆ ಮರಿಹುಳುಗಳು ಕುಣಿಯುತ್ತಿದ್ದವು. ನಲ್ಲಿಯಲ್ಲಿ ನೀರು ಬರುವ ಮನೆಯಾಗಿದ್ದರೆ ಆ ಡ್ರಮ್ಮೇ ಇರುತ್ತಿರಲಿಲ್ಲ. ಪ್ಲೇಟ್‌ಲೆಟ್ ಎಣಿಸಿಕೊಂಡು ಆಸ್ಪತ್ರೆಯಲ್ಲಿ ಕೂತವರಿಗೆ ಐದು ಸಾವಿರ ಉಳಿಸಿದ ಲೆಕ್ಕ ನೆನಪಿಗೂ ಬರುವುದಿಲ್ಲ.

ಗಲೀಜು ನೀರಿನ ಕತೆಯನ್ನೂ ಹೇಳಿಬಿಡುತ್ತೇನೆ. ಲೇಔಟ್ ಒಳಗೆ ಯುಜಿಡಿ ಪೈಪ್ ಹಾಕಿದ್ದರು, ಚೇಂಬರ್ ಕಟ್ಟಿದ್ದರು, ಮುಚ್ಚಳ ಸಹ ಹೊಸದು. ಹೊರಗಿನ ಮೇನ್ ಲೈನ್‌ಗೆ ಮಾತ್ರ ಕನೆಕ್ಷನ್ ಕೊಟ್ಟಿರಲಿಲ್ಲ. ಎಲ್ಲ ಮನೆಗಳದ್ದೂ ತಗ್ಗಿನ ಮೂಲೆಗೆ ಹೋಗಿ ಅಲ್ಲೇ ಉಕ್ಕುತ್ತಿತ್ತು. ಆದ್ದರಿಂದ ಯುಜಿಡಿ ಇದೆಯಾ ಅಂತ ಕೇಳಿದರೆ ಸಾಲದು, ಎಲ್ಲಿಗೆ ಹೋಗಿ ಸೇರುತ್ತದೆ ಅಂತ ಕೇಳಿ. ಬಡಾವಣೆಯ ಅತಿ ತಗ್ಗಿನ ಮೂಲೆಗೆ ನೀವೇ ನಡೆದು ಹೋಗಿ ನೋಡಿ. ಸೈಟ್‌ಗಳು ಅರ್ಧಕ್ಕರ್ಧ ಖಾಲಿ, ಆಳೆತ್ತರ ಪಾರ್ಥೇನಿಯಂ. ಹಾವು ಬರುತ್ತವೆ. ಮೈಸೂರಿನಲ್ಲಿ ಹಾವು ಬಂದರೆ ಹಾವು ಹಿಡಿಯುವ ಸ್ನೇಕ್ ಶ್ಯಾಮ್ ಅವರ ಹೆಸರು ಹೇಳದವರಿಲ್ಲ, ನಮಗೂ ಅಕ್ಕಪಕ್ಕದವರು ಮೊದಲ ದಿನವೇ ಹೇಳಿದರು. ಅದರ ಅರ್ಥ ನನಗೆ ಆಮೇಲೆ ಆಯಿತು.

ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ರಸ್ತೆ. ನಮ್ಮ ಹೊರ ವರ್ತುಲ ರಸ್ತೆ ಸುಮಾರು 42 ಕಿಲೋಮೀಟರ್, ಆರು ಪಥ. ಲಾರಿ, ಬಸ್ಸು, ಕಾರು ಎಲ್ಲ ಹೆದ್ದಾರಿಯ ವೇಗದಲ್ಲೇ ಬರುತ್ತವೆ. ಶಾಲೆ ಒಳಗಡೆ, ಮನೆ ಆಚೆಗಡೆ. ಶಾಲೆಯ ವ್ಯಾನಿನವರು ರಿಂಗ್ ರೋಡ್ ದಾಟಿ ಬರುವುದಿಲ್ಲ ಅಂದರು. ಒಂದೇ ಮನೆಗೆ ಬಂದರೆ ಡೀಸೆಲ್ ಗಿಟ್ಟಲ್ಲ ಅನ್ನುವುದು ಅವರ ಮಾತು, ಅದೂ ಸರಿಯೇ. ಸಿಟಿ ಬಸ್ ಇತ್ತು, ಶಕ್ತಿ ಯೋಜನೆಯಲ್ಲಿ ಮಗಳಿಗೂ ನನಗೂ ಟಿಕೆಟ್ ಸೊನ್ನೆ. ಬಸ್ ಬಂದರೆ ತಾನೇ! ಸಂಜೆ ಟ್ಯೂಷನ್ ಮುಗಿಸಿ ಜಂಕ್ಷನ್‌ನಲ್ಲಿ ಇಳಿದ ಮಗಳು ಆ ಕಡೆ, ಕರೆದುಕೊಂಡು ಬರಲು ಹೋದ ನಾನು ಈ ಕಡೆ. ಬೀದಿದೀಪ ಒಂದೂ ಉರಿಯುತ್ತಿಲ್ಲ. ಲಾರಿಯ ಹೆಡ್‌ಲೈಟ್ ಬಿದ್ದಾಗ ಮಾತ್ರ ಅವಳ ಬ್ಯಾಗಿನ ಮೇಲಿನ ಹೊಳೆಯುವ ಪಟ್ಟಿ ಮಿಂಚಿ ಮಾಯವಾಗುತ್ತಿತ್ತು. "ಅಲ್ಲೇ ನಿಲ್ಲೇ, ದಾಟಬೇಡ" ಅಂತ ನಾನು ಕೂಗಿದ್ದು ಅವಳಿಗೆ ಕೇಳಿಸಿರಲಿಕ್ಕಿಲ್ಲ. ಟ್ಯೂಷನ್ ಬಿಡಿಸಿದೆವು. ಆಮೇಲೆ ಆಟೊ ಮಾಡಿದೆವು. ಆಟೊ ಬಾಡಿಗೆ, ಟ್ಯಾಂಕರ್, ಕುಡಿಯುವ ನೀರಿನ ಕ್ಯಾನ್, ಎರಡನೇ ಸ್ಕೂಟರ್‌ನ ಕಂತು ಎಲ್ಲ ಕೂಡಿಸಿದರೆ ಕುವೆಂಪುನಗರದ ಬಾಡಿಗೆಯನ್ನು ಮೀರಿತ್ತು.

ಸುರಕ್ಷತೆ ಅಂದರೆ ಕಳ್ಳಕಾಕರ ಭಯವೊಂದೇ ಅಂದುಕೊಳ್ಳುತ್ತಾರೆ. ಅದನ್ನೂ ವಿಚಾರಿಸಿ. ಹೊರಗಿನ ಕೆಲವು ಬಡಾವಣೆಗಳು ನಗರ ಪೊಲೀಸ್ ಕಮಿಷನರೇಟ್‌ಗೆ ಸೇರದೆ ಜಿಲ್ಲಾ ಪೊಲೀಸರ ವ್ಯಾಪ್ತಿಗೆ ಬರುತ್ತವೆ. ನಿಮ್ಮ ಠಾಣೆ ಯಾವುದು, ಎಷ್ಟು ದೂರ ಅಂತ ಬರುವ ಮುಂಚೆಯೇ ತಿಳಿದುಕೊಂಡಿರಿ. ತುರ್ತಿಗೆ 112 ಇದ್ದೇ ಇದೆ.

ಇನ್ನು ಭೋಗ್ಯದ ಮನೆ. ತಿಂಗಳ ಬಾಡಿಗೆ ಇಲ್ಲ, ದೊಡ್ಡ ಮೊತ್ತ ಒಂದೇ ಸಲ ಕೊಟ್ಟು ಬಿಡುವಾಗ ವಾಪಸ್ ಪಡೆಯುವುದು. ಮಧ್ಯಮ ವರ್ಗದವರಿಗೆ ಇದರಷ್ಟು ಆಸೆ ಹುಟ್ಟಿಸುವುದು ಇನ್ನೊಂದಿಲ್ಲ. ನಮ್ಮ ಸಾಲಿನಲ್ಲೇ ಒಬ್ಬರು ಒಡವೆ ಅಡ ಇಟ್ಟು ಭೋಗ್ಯಕ್ಕೆ ಬಂದಿದ್ದರು. ಮಾಲೀಕರು ಗೃಹಸಾಲದ ಕಂತು ನಿಲ್ಲಿಸಿದ್ದರು, ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿ ಹೋದರು. 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕ್ ಸಾಲಗಾರರಿಗೆ 60 ದಿನದ ನೋಟಿಸ್ ಕೊಟ್ಟು, ಆಮೇಲೂ ಕಟ್ಟದಿದ್ದರೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಇವರ ಕೈಯಲ್ಲಿದ್ದದ್ದು ನೋಂದಣಿಯಾಗದ ಛಾಪಾ ಕಾಗದ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಭೋಗ್ಯದ ಅಡಮಾನ ನೋಂದಣಿಯಾಗಲೇಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಲು ಒಪ್ಪದ ಮಾಲೀಕರಿಗೆ ಲಕ್ಷಗಳನ್ನು ಕೊಡಬೇಡಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ ನೋಡಿ. ಮೂಲ ಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ಇದೆ ಅಂದರೆ ಮೂಲ ಪತ್ರ ಬ್ಯಾಂಕಿನಲ್ಲಿರಬಹುದು.

ಮನೆ ನೋಡಲು ಹೋದಾಗ ಮಾಲೀಕರನ್ನು ಎರಡು ಕಾಗದ ಕೇಳಿ: ಕಂದಾಯ ಕಟ್ಟಿದ ರಸೀದಿ, ನೀರಿನ ಬಿಲ್. ರಸೀದಿ ಕೊಟ್ಟದ್ದು ಯಾವ ಕಚೇರಿಯೋ ನೀವು ದೂರು ಕೊಡಬೇಕಾದದ್ದೂ ಅಲ್ಲಿಗೇ. ನೀರಿನ ಬಿಲ್ ವಾಣಿವಿಲಾಸ ವಾಟರ್ ವರ್ಕ್ಸ್‌ನದಾಗಿದ್ದರೆ ನಲ್ಲಿ ಸಂಪರ್ಕ ನಿಜವಾಗಿ ಇದೆ ಅಂತ ಲೆಕ್ಕ. ಬಿಲ್ಲೇ ಇಲ್ಲ ಅಂದರೆ ಉತ್ತರ ಸಿಕ್ಕಂತೆ. ಮತ್ತೆ ಸಂಜೆ ಏಳರ ಮೇಲೆ ಬ್ರೋಕರ್ ಇಲ್ಲದೆ, ಮಕ್ಕಳ ಜೊತೆ, ಬಸ್ ಸ್ಟಾಪಿನಿಂದ ಮನೆವರೆಗೆ ನಡೆದು ನೋಡಿ. ಹಾಲಿನ ಬೂತಿನವರನ್ನು, ಇಸ್ತ್ರಿ ಗಾಡಿಯವರನ್ನು "ಅಣ್ಣ, ಬೇಸಿಗೇಲಿ ನೀರು ಹೆಂಗೆ?" ಅಂತ ಕೇಳಿ. ಅವರಿಗೆ ಕಮಿಷನ್ ಇಲ್ಲ, ಇದ್ದದ್ದು ಇದ್ದಹಾಗೆ ಹೇಳುತ್ತಾರೆ.

ಒಳಗಿನ ಬಡಾವಣೆಗಳೆಲ್ಲ ಸ್ವರ್ಗ ಅಂತಲ್ಲ. ವಿದ್ಯಾರಣ್ಯಪುರಂ, ಜೆ.ಪಿ. ನಗರದ ಕಡೆ ಅಗ್ಗಕ್ಕೆ ಮನೆ ಸಿಕ್ಕರೆ ಸೀವೇಜ್ ಫಾರಂನ ಕಸದ ರಾಶಿಯ ವಾಸನೆ ಆ ಬೀದಿಗೆ ಬಡಿಯುತ್ತದೆಯಾ ಅಂತ ಗಾಳಿ ಬೀಸುವ ಹೊತ್ತಿನಲ್ಲಿ ಹೋಗಿ ನೋಡಿ. ಹಾಗೆಯೇ ರಿಂಗ್ ರೋಡ್ ಆಚೆ ಹಸ್ತಾಂತರವಾಗಿ, ಕಾವೇರಿ ಬಂದು, ನೆಮ್ಮದಿಯಾಗಿರುವ ಲೇಔಟ್‌ಗಳೂ ಇವೆ. ನಾವೀಗ ಕುವೆಂಪುನಗರದಲ್ಲಿ ಹಳೇ ಮನೆಯೊಂದರ ಮೊದಲ ಮಹಡಿಯಲ್ಲಿದ್ದೇವೆ. ಅಡುಗೆಮನೆ ಇಕ್ಕಟ್ಟು, ಮೊಸಾಯಿಕ್ ನೆಲ, ಕಾರಿಗೆ ಜಾಗವಿಲ್ಲ. ಮಗಳು ಶಾಲೆಗೆ ನಡೆದು ಹೋಗುತ್ತಾಳೆ.

ಅಡ್ವಾನ್ಸ್ ವಿಷಯ ಬಾಕಿ. ಖಾಲಿ ಮಾಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿನ ರೂಢಿ, ಅದಕ್ಕೆ ನಾವು ತಯಾರಿದ್ದೆವು. ನಮ್ಮ ಮಾಲೀಕರು ಗೀಜರ್ ಕೆಟ್ಟಿದೆ, ನಲ್ಲಿಗಳು ತುಕ್ಕು ಹಿಡಿದಿವೆ ಅಂತ ಇನ್ನಷ್ಟು ಮುರಿದುಕೊಂಡರು. ಕೆಡಿಸಿದ್ದು ಅವರದೇ ಬೋರ್ ನೀರು! ಅಗ್ರಿಮೆಂಟ್‌ನಲ್ಲಿ ಬಣ್ಣ ಬಿಟ್ಟು ಬೇರೇನೂ ಹಿಡಿಯುವಂತಿಲ್ಲ ಅಂತ, ಮತ್ತು ನೀರು ಬರುವುದು ನಿಂತರೆ ಟ್ಯಾಂಕರ್ ಖರ್ಚು ಮಾಲೀಕರದು ಅಂತ ಬರೆಸಿಕೊಳ್ಳಿ. ಮನೆಗೆ ಕಾಲಿಟ್ಟ ದಿನ ಪ್ರತಿ ನಲ್ಲಿ, ಸ್ವಿಚ್, ಗೀಜರ್, ಕರೆಂಟ್ ಮೀಟರ್‌ನ ರೀಡಿಂಗ್ ಸಮೇತ ವಿಡಿಯೊ ಮಾಡಿ, ಅವತ್ತೇ ಮಾಲೀಕರ ವಾಟ್ಸಾಪ್‌ಗೆ ಕಳಿಸಿಬಿಡಿ.