ಮಲೆನಾಡಿನ ಮಳೆಗಾಲಕ್ಕೆ 2.1 ಕೆವಿಎ ಪೆಟ್ರೋಲ್ ಜನರೇಟರ್: ಹಲವು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಜುಲೈನಲ್ಲಿ ಗಾಳಿ ಎದ್ದರೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದಿರುತ್ತದೆ. ಕಂಬ ಮುರಿದಿದ್ದರಂತೂ ಎರಡು ಮೂರು ದಿನ ಕರೆಂಟಿನ ಮಾತೇ ಇಲ್ಲ. ಇನ್ವರ್ಟರ್ ಮೊದಲ ರಾತ್ರಿಗೇ ಕೈ ಎತ್ತುತ್ತದೆ. ಅದಕ್ಕೇ ಈ 2.1 ಕೆವಿಎ ಜನರೇಟರ್ ತಂದಿದ್ದು. ಕೆವಿಎ ಅಂದರೆ ಅದು ಎಷ್ಟು ಲೋಡ್ ಎಳೆಯಬಲ್ಲದು ಅನ್ನುವ ಅಳತೆ.

ಮೊದಲೇ ಹೇಳಿಬಿಡುತ್ತೇನೆ. ಮನೆ ಪೂರ್ತಿ ಇದರಲ್ಲೇ ನಡೆಯುತ್ತದೆ ಅಂದುಕೊಂಡು ತಂದರೆ ಬೇಜಾರಾಗುತ್ತದೆ. ಇನ್ವರ್ಟರ್ ಬ್ಯಾಟರಿಗೆ ಚಾರ್ಜ್ ಹಾಕಲು ಅಂತ ತಂದರೆ ದುಡ್ಡು ವಸೂಲು. ನಾವು ಬೆಳಿಗ್ಗೆ ಎರಡು ಮೂರು ಗಂಟೆ, ಸಂಜೆ ಅಷ್ಟೇ ಹೊತ್ತು ಓಡಿಸುತ್ತೇವೆ. ಆ ಹೊತ್ತಲ್ಲೇ ಫ್ರಿಜ್ಜು, ಮಿಕ್ಸಿ, ಫೋನು ಎಲ್ಲದರ ಕೆಲಸ ಮುಗಿಸಿಕೊಳ್ಳಬೇಕು. ರಾತ್ರಿ ಲೈಟಿಗೆ ಸಾಲುವಷ್ಟು ಬ್ಯಾಟರಿಯೂ ಏರಿರುತ್ತದೆ. ಆಮೇಲೆ ಗದ್ದಲ ಬಂದ್.

ಚಾರ್ಜಿಂಗ್ ವಿಚಾರದಲ್ಲಿ ಒಂದು ಕಿರಿಕಿರಿ ಇದೆ. ನಮ್ಮ ಇನ್ವರ್ಟರಿನ ಹಿಂದೆ ಯುಪಿಎಸ್, ನಾರ್ಮಲ್ ಅಂತ ಒಂದು ಸಣ್ಣ ಸ್ವಿಚ್ಚಿದೆ. ಯುಪಿಎಸ್‌ನಲ್ಲಿದ್ದರೆ ಜನರೇಟರ್ ಕರೆಂಟನ್ನು ಅದು ಒಪ್ಪುವುದೇ ಇಲ್ಲ. ಹೊರಗೆ ಎಂಜಿನ್ ಭರ್ರೋ ಅನ್ನುತ್ತಿರುತ್ತದೆ, ಒಳಗೆ ಚಾರ್ಜಿಂಗ್ ದೀಪ ಹೊತ್ತಿರುವುದಿಲ್ಲ. ಯುಪಿಎಸ್‌ನಲ್ಲಿದ್ದಾಗ ಅದಕ್ಕೆ ಏರಿಳಿತವಿಲ್ಲದ ಕರೆಂಟೇ ಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಲೈನ್ ಕರೆಂಟಿನ ಹಾಗೇ 50 ಹರ್ಟ್ಸ್ ಬರುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಹತ್ತಿದ ತಕ್ಷಣ ವೇಗ ಕುಗ್ಗುತ್ತದೆ, ವೋಲ್ಟೇಜೂ ಇಳಿಯುತ್ತದೆ. ನಾರ್ಮಲ್‌ಗೆ ತಳ್ಳಿದರೆ ಈ ಏರಿಳಿತ ಸಹಿಸಿಕೊಂಡು ಚಾರ್ಜ್ ಆಗುತ್ತದೆ.

ಪಂಪ್ ವಿಷಯದಲ್ಲಿ ಆಸೆ ಬೇಡ. 1 ಎಚ್‌ಪಿ ಮೋಟರ್ ಓಡುವಾಗ ಸಾವಿರ ವ್ಯಾಟಿನ ಆಸುಪಾಸು ತಗೊಂಡರೂ, ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಅಷ್ಟು ಕೊಡುವುದು ಈ ಜನರೇಟರಿನ ಕೈಲಿ ಆಗುವುದಿಲ್ಲ. ನಮ್ಮದು ಅರ್ಧ ಎಚ್‌ಪಿ. ಅದಕ್ಕೂ ಬೇರೆಲ್ಲ ಆಫ್ ಮಾಡಿ, ಮೊದಲು ಪಂಪ್ ಹಾಕಿ, ಆಮೇಲೆ ಫ್ರಿಜ್ ಹಾಕುತ್ತೇವೆ.

ಖರ್ಚು? ಒಳ್ಳೆ ಲೋಡಿದ್ದರೆ ಲೀಟರ್ ಪೆಟ್ರೋಲಿಗೆ ಸುಮಾರು ಒಂದು ಗಂಟೆ, ಒಂದೂವರೆ ಯೂನಿಟ್. ಅಂದರೆ ಯೂನಿಟ್ಟಿಗೆ 60-70 ರೂಪಾಯಿ! ಗೃಹಜ್ಯೋತಿಯಲ್ಲಿ ಪುಕ್ಕಟೆ ಕರೆಂಟು ಉರಿಸುವವರಿಗೆ ಹೊಟ್ಟೆ ಉರಿಯುತ್ತೆ, ಅಲ್ವಾ? ಒಂದೆರಡು ಲೈಟಿಗೆ ಅಂತ ಸುಮ್ನೆ ಓಡಿಸಿದರೆ ಇನ್ನೂ ದುಬಾರಿ, ಯಾಕೆಂದರೆ ಲೋಡ್ ಇಲ್ಲದಿದ್ದರೂ ಎಂಜಿನ್ ಅದೇ ವೇಗದಲ್ಲಿ ತಿರುಗುತ್ತಲೇ ಇರಬೇಕು.

ಫಿಟ್ ಮಾಡಲು ಬಂದ ಹುಡುಗ ಎರಡೂ ತುದಿಗೆ ಪಿನ್ ಇರುವ ವೈರ್ ತೋರಿಸಿ, "ಇದನ್ನ ಗೋಡೆ ಸಾಕೆಟ್ಟಿಗೆ ಚುಚ್ಚಿ ಸಾರ್, ಮನೆಗೆಲ್ಲ ಬರುತ್ತೆ" ಅಂದ. ಬೇಡವೇ ಬೇಡ ಅಂದೆ. ಮೇನ್ ಆಫ್ ಮಾಡುವುದು ಮರೆತರೆ ಆ ಕರೆಂಟು ಹೊರಗಿನ ಲೈನಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್‌ನಲ್ಲಿ ಉಲ್ಟಾ ಏರಿ ಸಾವಿರಾರು ವೋಲ್ಟ್ ಆಗಬಹುದು. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಜೀವವೇ ಹೋಗುತ್ತದೆ. ಪಿನ್ನು ಕೈಗೆ ತಾಗಿದರೆ ನಮ್ಮದೂ ಅಷ್ಟೇ. ಮೀಟರ್ ಬೋರ್ಡ್ ಪಕ್ಕ ಚೇಂಜ್‌ಓವರ್ ಸ್ವಿಚ್ ಹಾಕಿಸಿದೆವು. ಒಂದು ಕಡೆ ಲೈನು, ಇನ್ನೊಂದು ಕಡೆ ಜನರೇಟರ್. ಎರಡೂ ಒಟ್ಟಿಗೆ ಸೇರುವುದು ಸಾಧ್ಯವೇ ಇಲ್ಲ. ಜನರೇಟರ್ ಕೊಂಡವರು ಇದನ್ನು ಬಿಟ್ಟು ದುಡ್ಡು ಉಳಿಸುವುದು ನನಗೆ ಅರ್ಥವಾಗದ ಜಿಪುಣತನ.

ಮಳೆ ಅಂತ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಇಟ್ಟು ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಗೊತ್ತಾಗದಂತೆ ಜೀವ ತೆಗೆಯಬಹುದು. ನಮ್ಮದು ಅಂಗಳದಾಚೆ, ಮೇಲೆ ತಗಡು, ಸುತ್ತ ಗೋಡೆಯಿಲ್ಲದ ಮಾಡಿನಡಿ ಇದೆ.

ರಿಪೇರಿ ಹೆಚ್ಚೇನೂ ಬಂದಿಲ್ಲ. ಮಳೆಗಾಲ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗೇ ನಿಲ್ಲುವವರೆಗೆ ಓಡಿಸುತ್ತೇನೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಅಂಟಂಟಾಗಿ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಕೂಡ ಖಾಲಿ ಮಾಡಿ, ಆ ಪೆಟ್ರೋಲನ್ನು ಬೈಕಿಗೆ ಸುರಿಯುತ್ತೇನೆ.

ನಿಜವಾದ ದೂರು ಸ್ಟಾರ್ಟ್ ಮಾಡಲು ಎಳೆಯುವ ಹಗ್ಗದ್ದು. ಚಳಿಗೆ ಎರಡು ಮೂರು ಸಲ ಜೋರಾಗಿ ಎಳೆಯಬೇಕು. ಅಮ್ಮನ ಕೈಲಿ ಆಗುವುದಿಲ್ಲ, ನಾನಿಲ್ಲದಾಗ ಪಕ್ಕದ ಮನೆ ಹುಡುಗನನ್ನು ಕೂಗಬೇಕು. ವಯಸ್ಸಾದವರೇ ಇರುವ ಮನೆಯಾದರೆ ಸ್ವಲ್ಪ ಜಾಸ್ತಿ ಕೊಟ್ಟು ಸೆಲ್ಫ್ ಸ್ಟಾರ್ಟ್ ಇರುವುದನ್ನೇ ತಗೊಳ್ಳಿ. ಅದರ ಬ್ಯಾಟರಿ ಸಾಯದಂತೆ ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ.